ಹಲಗಿ ಬಡಿಸಿದ ದಿನ

ಹೊಳೆ ಏರಿದಾಗ ಹಲಗಿ ಬಡಿಸಿ ಜನರನ್ನು ದಿಬ್ಬಕ್ಕೆ ಕಳಿಸಬೇಕು. ಕಂಪ್ಲಿಯನ್ನು ಪ್ರವಾಹದಿಂದ ಉಳಿಸಲು ನಮ್ಮ ಕಚೇರಿ ಮಾಡಿದ ಏರ್ಪಾಡು ಇಷ್ಟೇ. ಅದನ್ನು ಜಾರಿ ಮಾಡಲು ಹೋದವನು ನಾನು.

“ಹಲಗಿ ಬ್ಯಾಡ್ರಿ ಸಾಹೇಬ್ರ,” ಎಂದ, ಊರಲ್ಲಿ ಹಲಗಿ ಬಡಿಯುವ ಮುದುಕ ದುರುಗಪ್ಪ. “ಹೊಸ ನೀರು ಬಂದಾಗ ಗಂಗಮ್ಮನ ಪೂಜಿಗೆ ಇದನ್ನ ಬಡಿತೀವ್ರಿ. ಸಪ್ಪಳ ಕೇಳಿದ್ರ ಹೆಂಗಸ್ರು ಉಡಿ ತುಂಬಾಕ ಹೊಳಿಗೇ ಬರ್ತಾರ.”

“ದಿಬ್ಬಕ್ಕ ಹೋಗ್ರಿ ಅಂತ ಕೂಗು.”

“ಹೊಳಿ ಸದ್ದಿನಾಗ ನನ್ನ ಕೂಗು ಯಾರಿಗ್ರಿ ಕೇಳ್ತೈತಿ?”

“ಹುಕುಂನಾಗ ಹಲಗಿ ಅಂತ ಐತಿ. ಹೇಳಿದಷ್ಟು ಮಾಡು,” ಎಂದು ಗದರಿದೆ.

ಶ್ರಾವಣದ ಒಂದು ಬೆಳಗ್ಗೆ ನೀರು ಏರತೊಡಗಿತು. ನಾನೇ ನಿಂತು ಬಡಿಸಿದೆ. ದುರುಗಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದ. ಪಕ್ಕದಲ್ಲಿದ್ದ ನನಗೇ ಹಲಗಿ ಬಿಟ್ಟು ಬೇರೇನೂ ಕೇಳಲಿಲ್ಲ. ಓಣಿ ಓಣಿಯಿಂದ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಓಡಿಹೋಗಿ ತಡೆಯುವಷ್ಟರಲ್ಲಿ, ದಂಡೆಯ ಮೆಟ್ಟಿಲಿಗೆ ಇಳಿದಿದ್ದವರನ್ನು ಹೊಳೆ ಎಳೆದುಕೊಂಡಿತ್ತು. ತಟ್ಟೆಗಳು ಸ್ವಲ್ಪ ದೂರ ತೇಲಿದವು.

ಹಲಗಿ ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಕೇಳಿಸಿತು ಎಂದು ವರದಿ ಬರೆದೆ. ಸುಳ್ಳು ಬರೆಯುವ ಪ್ರಮೇಯವೇ ಬರಲಿಲ್ಲ.