ನೀರಿಲ್ಲದ ನಲ್ಲಿಯೂ ಯಶವಂತಪುರದ ಪರೀಕ್ಷೆಯೂ

ನಲ್ಲಿ ತಿರುಗಿಸಿದರೆ ಉಸ್ಸೆಂದು ಗಾಳಿ ಬಂತು. ಎಂಬತ್ತರ ದಶಕದ ನಡುವೆ ಬೆಂಗಳೂರು ನನಗೆ ಮೊದಲು ಕೊಟ್ಟದ್ದು ಅದನ್ನೇ. ಧಾರವಾಡದ ಹತ್ತಿರದ ನಮ್ಮೂರಲ್ಲಿ ಬಾವಿಗೆ ಇಳಿದ ಕೊಡ ನೀರು ತುಂಬಿಕೊಂಡೇ ಮೇಲೆ ಬರುತ್ತಿತ್ತು. ನೀರೇ ಬರದ ನಲ್ಲಿಯನ್ನು ಮುಚ್ಚಬೇಕೆಂದು ಯಾರಿಗೆ ಗೊತ್ತು? ಹಾಗೇ ಬಿಟ್ಟು ಹೊರಗೆ ಹೋದೆ. ಬಂದು ನೋಡಿದರೆ, ಆರ್.ಟಿ. ನಗರದ ನನ್ನ ಬಾಡಿಗೆ ಕೋಣೆಯಿಂದ ಹರಿದ ನೀರು ಮನೆಯೊಡತಿ ಸರೋಜಮ್ಮನವರ ಅಕ್ಕಿಮೂಟೆಯನ್ನು ನೆನೆಸಿತ್ತು.

ಅಂದಿನಿಂದ ನಾನು ಹೊಸ್ತಿಲು ದಾಟಿದರೆ ಸಾಕು, "ನಲ್ಲಿ ಮುಚ್ಚಿದ್ಯೇನಮ್ಮ? ಹೋಗಿ ಇನ್ನೊಂದ್ಸಲ ನೋಡು" ಅನ್ನುವರು. ನಮ್ಮ ಕಡೆ ಹೀಗೆ ಕೇಳಿದರೆ ಜಗಳವೇ ಆದೀತು. ನನಗಾದರೂ ಈ ಊರಲ್ಲಿ ಯಾರ ಮೇಲೆ ನಂಬಿಕೆಯಿತ್ತು? ಬಸ್ಸಿನ ಕಂಡಕ್ಟರ್ ನಕ್ಕರೂ ಚಿಲ್ಲರೆ ನುಂಗುತ್ತಾನೆ ಅನ್ನಿಸುತ್ತಿತ್ತು.

ಯಶವಂತಪುರದ ಪಂಪಿನ ಕಾರ್ಖಾನೆಯೊಂದಕ್ಕೆ ಯಂತ್ರ ಬಳಸುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಬೇಕಾಗಿದ್ದರು. ಕೆಲಸ ಸಿಗದಿದ್ದರೆ ಊರಿಗೆ ವಾಪಸಾಗಿ, ಅಕ್ಕ ನೋಡಿಟ್ಟ ಗಂಡಿಗೆ ಕೊರಳೊಡ್ಡಬೇಕಿತ್ತು. ಮ್ಯಾನೇಜರ್ ಮೂರ್ತಿಗಳು ಕೇಳಿದ ಮೊದಲ ಪ್ರಶ್ನೆ, "ಕಂಪ್ಯೂಟರ್ ಬರುತ್ತಾ?" ನನಗೆ ಬರುತ್ತಿರಲಿಲ್ಲ. ಅದೇ ಕೆಲಸ ಕೇಳಿ ಬಂದಿದ್ದ ರಮೇಶನಿಗೆ ಬರುತ್ತಿತ್ತು. ಕೆಲಸ ಅವನಿಗೇ ನಿಗದಿಯಾಗಿದೆ, ನನ್ನನ್ನು ಕೂರಿಸಿರುವುದು ಬರೀ ನಾಟಕ ಎಂದುಕೊಂಡೆ.

ಪಂಪ್ ಬಿಚ್ಚಿ ತೊಳೆಯುವುದನ್ನು ಒಮ್ಮೆ ತೋರಿಸಿ, ನೋಡಿದ್ದನ್ನು ಬರೆಯಿರಿ ಎಂದರು. ರಮೇಶನದು ಅಂಚು ತಪ್ಪದ ಅಚ್ಚಿನ ಹಾಳೆ, ನನ್ನದು ಮಸಿ ಮೆತ್ತಿದ ಕೈಬರಹ. "ಎಷ್ಟ್ ನೀಟಾಗಿದೆ ನೋಡ್ರೀ" ಎನ್ನುತ್ತಾ ಮೂರ್ತಿಗಳು ಅವನ ಹಾಳೆ ಹಿಡಿದು ತಾವೇ ಪಂಪ್ ಬಿಚ್ಚಲು ಕುಳಿತರು. ಆಗ ಕೊಳವೆಯಲ್ಲಿ ನೀರಿರಲಿಲ್ಲ. ವಾಲ್ವ್ ಮುಚ್ಚುವ ಮಾತು ಆ ಹಾಳೆಯಲ್ಲೂ ಇರಲಿಲ್ಲ. ಕೊನೆಯ ಬೋಲ್ಟ್ ಕಳಚುವ ಹೊತ್ತಿಗೆ ಸರಿಯಾಗಿ ನೀರು ಬಂತು. ಮೂರ್ತಿಗಳು ಟೈ ಸಮೇತ ತೊಯ್ದರು.

ಮುಖ ಒರೆಸಿಕೊಂಡು ನನ್ನ ಹಾಳೆ ಎತ್ತಿಕೊಂಡರು. ನೀರು ಬರದಿದ್ದರೂ ವಾಲ್ವ್ ಮುಚ್ಚಿ, ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ ಎಂಬುದೇ ಅದರ ಮೊದಲ ಸಾಲು. ಸರೋಜಮ್ಮನವರ ಮಾತನ್ನೇ ಇಂಗ್ಲಿಷಿಗೆ ಇಳಿಸಿದ್ದೆ.

"ಕಂಪ್ಯೂಟರ್ ನಾವ್ ಕಲಿಸ್ತೀವಿ. ಸೋಮವಾರದಿಂದ ಬನ್ನಿ."

ಅದನ್ನೂ ನಂಬದೆ, "ಬರದು ಕೊಡ್ತೀರೇನ್ರಿ?" ಎಂದು ಕೇಳಿದೆ.

ವರ್ಷದ ಮೇಲೆ ಊರಿಗೆ ಹೋದೆ. ಅಕ್ಕನ ಜೊತೆ ಸಂತೆಗೆ ಹೊರಟಾಗ ಅವಳು ಬಾಗಿಲಿಗೆ ಚಿಲಕ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ತಿರುಗಿ ಹೋಗಿ ಎಳೆದು ನೋಡಿದೆ.

"ನನ್ನ ಮ್ಯಾಲೂ ಸಂಶಯ ಏನವಾ?" ಅಂದಳು. ಅವಳ ಕಣ್ಣು ತುಂಬಿತ್ತು.

ನನಗೂ ಸಂಕಟವಾಯಿತು. ಬೆಂಗಳೂರಿನಲ್ಲಿ ಆ ಸಂಶಯಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂದು ಅವಳಿಗೆ ಹೇಗೆ ಹೇಳಲಿ?