ಸಾವಿರ ಗಂಟೆಯ ಉಪವಾಸ

ಪರೀಕ್ಷೆಯ ಎಂಟುನೂರ ಎಪ್ಪತ್ತನೆಯ ಗಂಟೆಗೆ ಕಾರ್ಖಾನೆಯ ಒಲೆಯ ಬಾಗಿಲು ಹಾರುಹೊಡೆದಿತ್ತು. ಕೈಗವಸು ಏರಿಸಿಕೊಳ್ಳುತ್ತ ಬಂದ ದಿಯಾ ನಿಂತಲ್ಲೇ ನಿಂತಳು. ಎದುರಿನ ಮೇಜಿನ ಮೇಲೆ ಮಾಹಿತಿ ಕೂಡಿಡುವ ಹನ್ನೊಂದು ಡ್ರೈವ್‌ಗಳು ತಂತಿ ಚುಚ್ಚಿಸಿಕೊಂಡು, ಹಸಿರು ದೀಪ ಮಿಣುಕಿಸುತ್ತ ಕೂತಿದ್ದವು.

"ಅರುವತ್ತಾರು ಮುಗೀತು ಕಾಕ್, ಇನ್ನು ಇಷ್ಟೇ," ಎಂದಳು ಸ್ಜೆಮಿನ್, ದಿಯಾಳನ್ನು ಅಕ್ಕನೆಂಬರ್ಥದಲ್ಲಿ 'ಕಾಕ್' ಎಂದೇ ಕರೆಯುವ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಎಂಜಿನಿಯರ್ ಹುಡುಗಿ. ಮುಖದ ತುಂಬ ಹೊಗಳಿಕೆಯ ನಿರೀಕ್ಷೆ. "ಮುಂದಿನ ವಾರ ಗಿರಾಕಿ ಬರ್ತಾರಲ್ಲ, ಅವರ ಮುಂದೆ ಯಾವುದಾದ್ರೂ ಕೈಕೊಟ್ರೆ? ಅದಕ್ಕೇ ಮೊದಲೇ ಒಂದ್ಸಲ ನೋಡಿಬಿಟ್ಟೆ. ಎಲ್ಲಾ ಚೆನ್ನಾಗಿವೆ!"

ಹದಿನಾರು ವರ್ಷದಿಂದ ಪೆನಾಂಗಿನ ಈ ಕಾರ್ಖಾನೆಯಲ್ಲಿ ದಿಯಾಳದು ಇದೊಂದೇ ಕೆಲಸ. ಮೊದಲು ಬರೆಸಿ ಅಳಿಸಿ, ಬರೆಸಿ ಅಳಿಸಿ, ಡ್ರೈವ್‌ಗಳನ್ನು ಮುದಿಯಾಗಿಸಬೇಕು. ಆಮೇಲೆ ಕಂಠಮಟ್ಟ ಮಾಹಿತಿ ತುಂಬಿ, ಕರೆಂಟಿನ ಸೋಂಕಿಲ್ಲದೆ ಬಿಸಿ ಒಲೆಯಲ್ಲಿ ಸಾವಿರ ಗಂಟೆ ಇಡಬೇಕು. ಮುದಿತನದಲ್ಲಿ, ಸೆಕೆಯಲ್ಲಿ, ಹೊಟ್ಟೆಗಿಲ್ಲದೆಯೂ ನೆನಪು ಉಳಿಸಿಕೊಂಡದ್ದು ಮಾತ್ರ ಪಾಸು. ಪರೀಕ್ಷೆಗಿಟ್ಟ ಈ ಎಪ್ಪತ್ತೇಳರ ಜೊತೆ ತಯಾರಾದ ಉಳಿದವು ಕೆಲಂತಾನಿನ ರೈಲು ಹಳಿಯ ಪಕ್ಕದ ಕಬ್ಬಿಣದ ಪೆಟ್ಟಿಗೆಗಳಿಗೆ ಹೋಗತಕ್ಕವು. ಅಲ್ಲಿ ನೆರೆ ಬಂದರೆ ವಾರಗಟ್ಟಲೆ ಕರೆಂಟಿರುವುದಿಲ್ಲ. ದಿಯಾ ಹುಟ್ಟಿದ್ದು ಅದೇ ಸೀಮೆಯಲ್ಲಿ.

"ಎಷ್ಟು ಹೊತ್ತು ಚುಚ್ಚಿದ್ದೆ?"

"ಒಂದೊಂದಕ್ಕೆ ಬರೀ ಹತ್ತು ನಿಮಿಷ."

"ಬರೀ! ನಡು ಮಧ್ಯಾಹ್ನ ಒಂದೇ ಒಂದು ತುತ್ತು ಅನ್ನ ನುಂಗಿ, ನನ್ನ ಉಪವಾಸ ಪೂರ್ತಿ ಆಯ್ತು ಅಂದ್ರೆ ನೀನು ಒಪ್ತೀಯೇನೇ?"

ಹುಡುಗಿಯ ಮುಖ ಸಪ್ಪಗಾಯಿತು. ಅವಳು ಮಾಡಿದ್ದು ಮುತುವರ್ಜಿಯಿಂದಲೇ. ಅದೇ ದಿಯಾಳನ್ನು ಇನ್ನಷ್ಟು ಉರಿಸಿತು. ಸೋಮಾರಿಯಾಗಿದ್ದರೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು.

ಉರಿಗೆ ಇನ್ನೊಂದು ಕಾರಣವೂ ಇತ್ತು. ಉಪವಾಸದ ತಿಂಗಳು ಮುಗಿಸುವ ಹಬ್ಬಕ್ಕೆ ಏಳೇ ದಿನ. ಉಳಿದ ನೂರಮೂವತ್ತು ಗಂಟೆ ಮುಗಿದಿದ್ದರೆ ಹಬ್ಬಕ್ಕೆ ಎರಡು ದಿನ ಮೊದಲು ಅವಳಿಗೆ ಬಿಡುಗಡೆ. ಸತತ ಮೂರು ಹಬ್ಬ ಈ ಒಲೆಯ ಮುಂದೆ ಕಳೆದವಳಿಗೆ ಈ ಸಲ ರಜೆ ಮಂಜೂರಾಗಿತ್ತು. ಬಸ್ಸಿನ ಟಿಕೆಟು ಕೈಯಲ್ಲಿತ್ತು. ಮಗಳು ವಾಫಾ ಆಗಲೇ ತಂದೆಯೊಡನೆ ಊರು ಸೇರಿ, ದಿನಕ್ಕೆರಡು ಸಲ ಫೋನು ಮಾಡಿ ದಿನ ಎಣಿಸುತ್ತಿದ್ದಳು. ಪರೀಕ್ಷೆ ಮತ್ತೆ ಸೊನ್ನೆಯಿಂದ ಶುರುವಾದರೆ ಒಲೆಯ ಹೊಣೆ ಹೊತ್ತವರು ಊರು ಬಿಡುವಂತಿಲ್ಲ. ಸ್ಜೆಮಿನ್‌ಗೆ ಒಪ್ಪಿಸೋಣವೆಂದರೆ ಆರು ತಿಂಗಳು ತುಂಬದವರ ಸಹಿ ನಡೆಯದು. ದಾಖಲೆ ಪುಸ್ತಕದಲ್ಲಿ ಆಗಲೇ ಬರೆದಿದ್ದ '870' ಅನ್ನು ಹಾಗೇ ಬಿಟ್ಟು ಸುಮ್ಮನಿದ್ದರೆ? ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳು ಪುಸ್ತಕ ಹಿಡಿದು ಮ್ಯಾನೇಜರ್ ತವರಾಜರ ಕೋಣೆಗೆ ಹೋದಳು. ಪೂರ್ತಿ ಕೇಳಿ ಅವರು ಕುರ್ಚಿಗೆ ಒರಗಿ ನಕ್ಕರು.

"ನಿನ್ನ ಡ್ರೈವ್‌ಗಳಿಗೂ ಉಪವಾಸನಾ ದಿಯಾ? ಹಾಗಾದ್ರೆ ನೀವೇ ಹೇಳ್ತೀರಲ್ಲಮ್ಮ, ಮರೆತು ತಿಂದ್ರೆ ಉಪವಾಸ ಮುರಿಯಲ್ಲ ಅಂತ. ಆ ಹುಡುಗಿ ಗೊತ್ತಿಲ್ದೆ ಮಾಡಿದ್ದಾಳೆ. ಬಿಟ್ಟಾಕು, ಮುಂದುವರಿಸು."

"ಅದು ಮನುಷ್ಯರಿಗೆ ದೇವರು ಕೊಟ್ಟ ವಿನಾಯಿತಿ ಬಾಸ್. ಈ ಡ್ರೈವಿನ ಚಿಪ್‌ಗೆ ಯಾವ ದೇವರು? ಕರೆಂಟ್ ಸಿಕ್ಕಿದ್ದೇ ತಡ, ಮಾಸಿದ್ದನ್ನೆಲ್ಲ ಹೊಸದಾಗಿ ಬರ್ಕೊಂಡು ಹೊಟ್ಟೆ ತುಂಬಿಸ್ಕೊಂಡು ಕೂತಿರತ್ತೆ. ಈಗ ಅದನ್ನ ಕೇಳಿದ್ರೆ ಎಲ್ಲಾ ನೆನಪಿದೆ ಅನ್ನತ್ತೆ. ಅನ್ನದೆ ಏನು ಮಾಡತ್ತೆ?"

"ಗಿರಾಕಿಗೆ ನಾನೇನು ಹೇಳ್ಲಿ? ಇನ್ನೂ ನಲವತ್ತೆರಡು ದಿನ ಕಾಯಿರಿ ಅಂತಲಾ?"

"ಅದು ನಿಮ್ಮ ಮಾತು. ಸಹಿ ನನ್ನದು."

"ನಿನ್ನ ರಜೆ ಹೋಗತ್ತೆ, ಗೊತ್ತು ತಾನೆ? ಆಮೇಲೆ ಬಾಸ್ ಕೊಡ್ಲಿಲ್ಲ ಅಂತ ಊರೆಲ್ಲ ಸಾರ್ಬೇಡ."

ಆ ಮಾತು ಮೆಣಸಿನಂತೆ ತಾಗಿತು. ದಿಯಾ ಅವರ ಮೇಜಿನ ಮೇಲೆಯೇ ಪುಸ್ತಕ ಬಿಡಿಸಿ, 870ರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಬರೆದು, ಕಾರಣ ಬರೆದು, ಸಹಿ ಹಾಕಿದಳು. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು. ತವರಾಜ್ ಆ ತೂತನ್ನು ನೋಡಿ, ಕೆಳಗೆ ತಮ್ಮ ಸಹಿ ಗೀಚಿದರು.

ಮಧ್ಯಾಹ್ನವಿಡೀ ದಿಯಾ ಮತ್ತು ಸ್ಜೆಮಿನ್ ಎಪ್ಪತ್ತೇಳಕ್ಕೂ ಮತ್ತೆ ಮಾಹಿತಿ ತುಂಬಿದರು, ತಂತಿ ಕಿತ್ತರು, ತಟ್ಟೆಗಳಲ್ಲಿ ಜೋಡಿಸಿದರು. ಕೊನೆಯ ತಟ್ಟೆ ಜೋಡಿಸುತ್ತ ಹುಡುಗಿ ಎಂದಳು: "ಹಬ್ಬದ ದಿನ ನಾನೂ ಬರ್ತೀನಿ ಕಾಕ್. ನಿಮಗೆ ಊಟ ತರ್ತೀನಿ."

"ಏನೂ ಬೇಡ. ಒಲೆ ಮುಟ್ಟದೆ ದೂರ ಕೂತ್ಕೊಂಡ್ರೆ ಅದೇ ದೊಡ್ಡ ಊಟ," ಎಂದು ಸಿಡುಕಿದಳು ದಿಯಾ. ಹುಡುಗಿಯ ಕಣ್ಣು ಕೆಂಪಾದದ್ದು ಕಂಡು, "ಬರೋದಾದ್ರೆ ಮಾಂಸದ ರೆಂದಾಂಗ್ ತಾ. ಖಾರ ಕಮ್ಮಿ ಮಾಡ್ಬೇಡ," ಎಂದಳು.

ಒಲೆಯ ಬಾಗಿಲು ಹಾಕಿ, ಗಂಟೆಯ ಲೆಕ್ಕ ಶುರುಮಾಡಿ, ಮೆಟ್ಟಿಲ ಬಳಿ ನಿಂತು ಊರಿಗೆ ಫೋನು ಹಚ್ಚಿದಳು. ಎತ್ತಿದ್ದು ವಾಫಾ. ದಿಯಾ ಸುತ್ತಿ ಬಳಸದೆ ಹೇಳಿಬಿಟ್ಟಳು. ಆ ಕಡೆ ಅಳುವಿಲ್ಲ, ರಂಪವಿಲ್ಲ. ನಾಲ್ಕನೆಯ ಸಲ ಕೇಳುವ ಮಗುವಿಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು, ಮತ್ತು ತಾಯಿಗೆ ಸಹಿಸಲಾಗದ್ದು ಅದೇ.

"ಮತ್ತೆ ಹಬ್ಬದ ಬಟ್ಟೆ, ಮಾ? ಮೂವರೂ ಒಂದೇ ನೀಲಿ ಹೊಲಿಸಿದ್ವಲ್ಲ?"

"ನೀವಿಬ್ರೂ ಅದನ್ನೇ ಹಾಕ್ಕೊಳ್ಳಿ. ನಾನೂ ಇಲ್ಲಿ ಅದನ್ನೇ ಹಾಕ್ತೀನಿ, ಕೆಲಸದ ಕೋಟಿನ ಒಳಗೆ."

"ಕೋಟಿನ ಒಳಗೆ ಇದ್ರೆ ಯಾರಿಗೆ ಕಾಣತ್ತೆ?"

ದಿಯಾ ಕೋಟಿನ ಗುಂಡಿಯ ಮೇಲೆ ಕೈಯಾಡಿಸಿದಳು.

"ಫೋಟೋ ತೆಗೆಯೋವಾಗ ಕೋಟು ಬಿಚ್ತೀನಿ ಕಣೆ," ಎಂದಳು. "ವಿಡಿಯೋ ಫೋನು ಮಾಡು. ಬಿಚ್ತೀನಿ."