ಗೋಡೆಯಾಚೆಯ ಮಗ್ಗದ ನಂಬರು

ಇಳಕಲ್ಲಿನ ಆ ಬಾಡಿಗೆ ಮನೆಯಲ್ಲಿ ವಾರವಿಡೀ ನಾನೊಬ್ಬಳೇ. ನಮ್ಮವರು ಬಾಗಲಕೋಟೆಯಲ್ಲಿದ್ದು ನೇಕಾರರ ಸಂಘವೊಂದಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದರು, ಶನಿವಾರದ ಬಸ್ಸಿಗೆ ಬರುವರು. ಮನೆಗೊಂದು ಕಂಪ್ಯೂಟರ್ ತಂದಿಟ್ಟು, ನೇಕಾರರ ಪಟ್ಟಿ ತುಂಬುವ ಕೆಲಸ ನನಗೆ ಹಚ್ಚಿದ್ದರು. ಮಕ್ಕಳಿರಲಿಲ್ಲ. ದೇವರ ಮುಂದಿನ ದೀಪ ಬಿಟ್ಟರೆ ಜೊತೆಗಿದ್ದದ್ದು ಗೋಡೆಯಾಚೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಸಪ್ಪಳ. ನೇಯುವಾಕಿ ಪಕ್ಕದ ಮನೆಯ ಮುದುಕಿ. ನಾ ಆಯಿ ಅಂತಿದ್ದೆ.

ಆ ಮಳೆಗಾಲ ಆಯಿಯ ಕುಣಿಯಲ್ಲಿ ನೀರು ಜಿನುಗಿತು. ಆಕೆ ತನ್ನ ಮನೆಯ ಪಡಸಾಲೆಯಲ್ಲಿದ್ದ ಖಾಲಿ ಮಗ್ಗಕ್ಕೆ ಹೋಗಿ ಕೂತಳು. ನಮ್ಮ ಓಣಿಯಲ್ಲಿ ಸಂಘದ ನಂಬರನ್ನು ಮಗ್ಗದ ಕಂಬಕ್ಕೆ ಹೊಡೆದಿರುತ್ತಾರೆ. ಯಾರು ಕೂತರೆ ಅವರದದು.

"ನನ್ನ ನಂಬರ್ ಬದಲಾತು, ಬರಕೊ ಯವ್ವಾ" ಅಂದಳು. ಹಳೆಯದನ್ನು ಅಳಿಸಿ ಹೊಸದು ಹೊಡೆದು ಸೇವ್ ಮಾಡಿದೆ.

ಮುಂದಿನ ತಿಂಗಳು ಸಂಘದವರು ಕಣ್ಣಿನ ಆಪರೇಷನ್ ಪಟ್ಟಿ ಹಾಕಿದರು. ಹತ್ತು ವರ್ಷ ನೇಯ್ದವರಿಗಷ್ಟೇ. ಆಯಿಯ ಕಣ್ಣಿಗೆ ಪೊರೆ ಬಂದಿತ್ತು, ಸೆರಗಿನ ಎಳೆ ಕೂಡಿಸುವಾಗ ಬೆರಳಿಂದ ತಡಕುತ್ತಿದ್ದಳು. ಪಟ್ಟಿಯಲ್ಲಿ ಆಕೆಯ ಹೆಸರೇ ಇಲ್ಲ. ನೋಡಿದರೆ ಕಂಪ್ಯೂಟರಿನಲ್ಲಿ ಇಬ್ಬರು ಆಯಿಗಳು! ಹಳೇ ನಂಬರಿನಾಕಿಗೆ ಮೂವತ್ತು ವರ್ಷದ ನೇಯ್ಗೆ, ಆದರೆ ಮಗ್ಗ ಖಾಲಿ ಅಂತ ಸಂಘದವರು ಬಿಟ್ಟಿದ್ದರು. ಹೊಸ ನಂಬರಿನಾಕಿಗೆ ಸೊನ್ನೆ.

"ನಿನ್ನ ಡಬ್ಬಿ ನನ್ನ ನಿನ್ನೆ ಹುಟ್ಟಿದಾಕಿ ಮಾಡೇತಿ! ಕಣ್ಣೂ ಎಳೇ ಕೂಸಿನವ ಕೊಡಂತ ಹೇಳದಕ" ಅಂತ ನಕ್ಕಳು. ಆಮೇಲೆ ಮೆಲ್ಲಗೆ, "ಕಣ್ಣ ಬರಲಿಲ್ಲಂದ್ರ ಹುನಗುಂದಕ್ಕ ಮಗಳ ಮನಿಗೆ ಹೋಗಿಬಿಡ್ತೇನಿ."

ಆಗಲೇ ನಮ್ಮವರಿಗೆ ಫೋನ್ ಹಚ್ಚಿದೆ.

ನಮ್ಮವರು ಹೇಳಿದರು: "ಕಂಪ್ಯೂಟರ್ ತೆರಿಮ್ಯಾಗ ನಿನಗ ಕಾಣಾಕಿ ಒಬ್ಬ ಹೆಣಮಗಳು. ಒಳಗ ಟೇಬಲ್ಲಿನ್ಯಾಗ ಆಕಿ ಒಂದು ಸಾಲು. ಪ್ರೋಗ್ರಾಮ್ ಆ ಸಾಲಿನ ಗುರ್ತು ಹಿಡಿಯೋದು ಪ್ರೈಮರಿ ಕೀ ಮ್ಯಾಲೆ, ಅಂದ್ರ ಆ ಮಗ್ಗದ ನಂಬರಿನ ಮ್ಯಾಲೆ. ನೀ ಕೀನ ಬದಲಿಸಿದಿ. ಯಾರೋ ಹೊಸಾಕಿ ಬಂದಾಳಂತ ಅದು ಹೊಸ ಸಾಲು ಹಾಕ್ತು."

"ಹಂಗಾರ ತಪ್ಪು ನಂದೇನ್ರಿ?"

"ನಿಂದಲ್ಲ. ಮಗ್ಗದ ನಂಬರ್ನ ಕೀ ಮಾಡಿದಾಂವ ನಾ. ಮಗ್ಗ ಬ್ಯಾರೆ, ಮನಷ್ಯಾ ಬ್ಯಾರೆ."

ಅವರು ತಮ್ಮ ತಪ್ಪು ಒಪ್ಪಿದ್ದು ನಮ್ಮ ಸಂಸಾರದಲ್ಲಿ ಅದೊಮ್ಮೆಯೇ. ತಾಯಿ ಬನಶಂಕರಿಗೆ ಕೈಮುಗಿದೆ. ಶನಿವಾರ ಕಾಯದೆ ಅವರು ಗುರುವಾರವೇ ಬಂದರು, ಅದೂ ಆ ತಾಯಿಯ ದಯೆಯೇ. ಪ್ರತಿ ನೇಕಾರರಿಗೂ ಎಂದೂ ಬದಲಾಗದ ಬೇರೆ ನಂಬರು ಕೊಟ್ಟು ಅದನ್ನೇ ಕೀ ಮಾಡಿದರು. ಮಗ್ಗದ ನಂಬರು ಊರು, ವಯಸ್ಸಿನಂತೆ ತಿದ್ದಬಹುದಾದ ಒಂದು ಕಾಲಮ್ಮಾಯಿತು. ಇಬ್ಬರು ಆಯಿಗಳನ್ನು ಒಂದೇ ಸಾಲಿಗೆ ತಂದರು. ಹೆಸರು ಪಟ್ಟಿಗೆ ಸೇರಿತು.

ಆಪರೇಷನ್ ಆದಮೇಲೆ ಆಯಿಯನ್ನು ಮಗಳು ಕರೆದೊಯ್ದಳು. ತಿಂಗಳಾಯಿತು. ಗೋಡೆ ಸುಮ್ಮನಿತ್ತು. ರೂಢಿಯಂತೆ ನಾಲ್ಕು ರೊಟ್ಟಿ ಬಡಿದು ಆಯಿಯ ಪಾಲಿನ ಎರಡನ್ನು ಆಕಳಿಗೆ ಹಾಕುತ್ತಿದ್ದೆ.

ಒಂದು ಮುಂಜಾನೆ ಬತ್ತಿ ಹೊಸೆಯುತ್ತಿದ್ದಾಗ ಆಚೆ ಆಯಿಯ ಮಗ್ಗದ ಸಪ್ಪಳವಾಯಿತು. ಕೈಯಲ್ಲಿ ಹತ್ತಿ ಹಿಡಿದೇ ಗೋಡೆಗೆ ಆತುಕೊಂಡು ಕೂತೆ.